ಮೊದಲು ಹಾಕುವ ಪ್ಲಗ್ಗು

ಗುಡುಗು ಕೇಳಿದರೆ ಪ್ಲಗ್ಗು ಎಳೆಯಬೇಕು ಎಂದು ಪುತ್ತೂರಿನ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲಿ ಕುಂಞಿಯವರ ಮನೆಯಲ್ಲಿ ಆ ಕೆಲಸ ಅವರ ಹೆಂಡತಿ ನೆಬೀಸಳದ್ದಾಗಿತ್ತು. ಅವಳು ತೀರಿಕೊಂಡು ಏಳು ತಿಂಗಳಾದ ಮೇಲೆ ಮೊದಲ ಬಾರಿಗೆ ಆಕಾಶ ಗುಡುಗಿತು. ಅಲಿ ಕುಂಞಿ ತಾವೇ ಎದ್ದು ರೌಟರ್, ಟಿವಿ, ಕಂಪ್ಯೂಟರ್, ಅದರ ಪಕ್ಕದ ಕಪ್ಪು ಪೆಟ್ಟಿಗೆ ಎಲ್ಲವನ್ನೂ ಕಳಚಿದರು. ಸದ್ದು ದೂರವಾದ ಮೇಲೆ ಮತ್ತೆ ಹಾಕಿದರು. ಟಿವಿಯಲ್ಲಿ ಮಕ್ಕಾದ ಹರಮ್ ಮಸೀದಿ ನೋಡುವ ಆಸೆ. ರೌಟರ್ ಆದ ಕೂಡಲೇ ಟಿವಿಯ ಪ್ಲಗ್ಗು ಹಾಕಿದರು.

ಮರುದಿನ ಸಂಜೆಯ ಅಸರ್ ನಮಾಜು ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತರು. ಪರದೆಯ ಮೂಲೆಯಲ್ಲಿ ‘ನೆಬೀಸ’ ಎಂದು ಬರೆದ ಹಳದಿ ಗುರುತನ್ನು ಒತ್ತಿದರು. ಅದು ತುಂಬ ಹೊತ್ತು ತಿರುಗಿತು. ಆಮೇಲೆ, ಈ ಜಾಗ ಸಿಗುತ್ತಿಲ್ಲ ಎಂದಿತು.

ಅಲಿ ಕುಂಞಿ ಹದಿನೆಂಟು ವರ್ಷ ಸೌದಿಯ ದಮ್ಮಾಮಿನಲ್ಲಿದ್ದರು. ನೆಬೀಸಳಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿನಿಂದ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಹಾಗೆ ಬಂದ ನಲವತ್ತೊಂದು ಕ್ಯಾಸೆಟ್ಟುಗಳನ್ನು ಅವರು ಸೂಟ್‌ಕೇಸಿನ ತಳದಲ್ಲಿಟ್ಟು ಊರಿಗೆ ತಂದಿದ್ದರು. ಅವಕ್ಕೆ ಬೂಷ್ಟು ಹಿಡಿದಾಗ ಸೋದರಳಿಯ ರವೂಫ್ ಅವುಗಳ ಧ್ವನಿಯನ್ನೆಲ್ಲ ಆ ಕಪ್ಪು ಪೆಟ್ಟಿಗೆಗೆ ಇಳಿಸಿಕೊಟ್ಟ. ಕ್ಯಾಸೆಟ್ಟುಗಳು ಆಮೇಲೆ ಉಳಿಯಲಿಲ್ಲ. ದಿನಕ್ಕೆ ಒಂದು ಬದಿ ಕೇಳುವುದು ಈಗ ಅವರ ಸಂಜೆಯ ಕ್ರಮ.

“ಸಿಡಿಲು ಹೊಡೆದದ್ದಾ?” ಎಂದು ಮಗಳು ರಮ್ಲತ್ ಕೇಳಿದಾಗ ಅವರು ಮತ್ತೆ ಮತ್ತೆ ಆ ಹಳದಿ ಗುರುತನ್ನೇ ಒತ್ತುತ್ತಿದ್ದರು. ನೆಬೀಸಳ ಮಯ್ಯತ್ತು ಮಣ್ಣಿಗಿಟ್ಟು ಬಂದ ದಿನ ಇಷ್ಟು ಹೆದರಿರಲಿಲ್ಲ. ಆ ದಿನ ಧ್ವನಿಯಾದರೂ ಉಳಿದಿತ್ತು.

ರವೂಫ್ ಉಮ್ರಾ ಯಾತ್ರೆಗೆ ಹೋಗಿದ್ದ. ಬರಲು ಇನ್ನೂ ಹತ್ತು ದಿನ. ಅಲಿ ಕುಂಞಿ ಮರ್ಕಂಜದ ಬೆಳ್ಯಪ್ಪ ಗೌಡರಿಗೆ ಫೋನು ಮಾಡಿದರು. ಈ ಮನೆಗೆ ಮೊದಲ ಟೆಲಿಫೋನ್ ಎಳೆದದ್ದು ಆಗ ಲೈನ್‌ಮನ್ ಆಗಿದ್ದ ಬೆಳ್ಯಪ್ಪರೇ. ನಿವೃತ್ತರಾಗುವ ಮೊದಲಿನ ವರ್ಷಗಳಲ್ಲಿ ಇಂಟರ್ನೆಟ್ಟಿನ ಲೈನೂ ಅವರ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಬೆಳ್ಯಪ್ಪ ಬಂದರು. ಕಿಸೆಯಲ್ಲಿ ಹಳೆಯ ಟೆಸ್ಟರು.

“ಎಂತ ಅಲಿಯಾಕ, ಮುಖ ಯಾಕೆ ಹೀಗೆ? ಪೆಟ್ಟಿಗೆ ಸತ್ತದ್ದಾ, ನೀವಾ?”

“ತಮಾಷೆ ಬೇಡ ಗೌಡ್ರೆ. ಅವಳದ್ದು ಬೇರೆಲ್ಲೂ ಇಲ್ಲ.”

ಬೆಳ್ಯಪ್ಪ ಮತ್ತೆ ನಗಲಿಲ್ಲ. ನೆಲದಲ್ಲಿ ಕುಳಿತು ಪೆಟ್ಟಿಗೆಯನ್ನು ಮೂಸಿದರು, ಕಿವಿ ಕೊಟ್ಟು ಕೇಳಿದರು. “ಸುಟ್ಟ ವಾಸನೆ ಇಲ್ಲ. ಒಳಗೆ ತಿರುಗುವ ಸದ್ದು ಉಂಟು. ದೀಪವೂ ಸರಿ ಉಂಟು. ಇದಕ್ಕೆ ಎಂತದೂ ಆಗಲಿಲ್ಲ ಮಾರಾಯ್ರೆ.”

“ಮತ್ತೆ ಯಾಕೆ ಸಿಗುದಿಲ್ಲ?”

ಬೆಳ್ಯಪ್ಪ ಕಂಪ್ಯೂಟರಿನಲ್ಲಿ ರೌಟರಿನ ಪಟ್ಟಿ ತೆಗೆದು, ಕನ್ನಡಕ ಮೇಲೇರಿಸಿ ಓದಿದರು. ಆಮೇಲೆ ತೊಡೆ ತಟ್ಟಿದರು.

“ನೋಡಿ. ಮನೆಯೊಳಗಿನ ಒಂದೊಂದಕ್ಕೂ ರೌಟರ್ ಒಂದೊಂದು ನಂಬರು ಕೊಡ್ತದೆ. ಒಂದು ಅದರದ್ದೇ, ಮೊದಲು ಎದ್ದು ಬಂದವನಿಗೆ ಎರಡು, ಆಮೇಲಿನವನಿಗೆ ಮೂರು. ನಿಮ್ಮ ಕಂಪ್ಯೂಟರ್ ನೆಬೀಸಕ್ಕನನ್ನು ಎರಡನೇ ನಂಬರಿನಲ್ಲಿ ಹುಡುಕುದು. ಈಗ ಎರಡರಲ್ಲಿ ಯಾರಿದ್ದಾರೆ ಗೊತ್ತುಂಟಾ? ನಿಮ್ಮ ಟಿವಿ! ಹಿಂದೆ ಲೈನು ಅದಲು ಬದಲಾಗಿ ಡಾಕ್ಟರಿಗೆ ಮಾಡಿದ ಫೋನು ಮೀನಿನ ಅಂಗಡಿಗೆ ಹೋಗ್ತಿರಲಿಲ್ಲವಾ, ಹಾಗೆ.”

“ಆದರೆ ಕಳೆದ ವರ್ಷವೂ ಗುಡುಗು ಇತ್ತಲ್ಲ? ಆಗ ಒಮ್ಮೆಯೂ ಹೀಗೆ ಆಗಲಿಲ್ಲ.”

ಚಾ ತಂದ ರಮ್ಲತ್ ಬಾಗಿಲಲ್ಲೇ ನಿಂತಳು. “ಉಪ್ಪಾ, ಉಮ್ಮ ರೌಟರ್ ಆದ ಮೇಲೆ ಮೊದಲು ಈ ಪೆಟ್ಟಿಗೆಗೇ ಹಾಕ್ತಿದ್ದದ್ದು. ಅದು ಏಳಲಿಕ್ಕೆ ಸ್ವಲ್ಪ ಹೊತ್ತು ಬೇಕು ಮಾಮಿ ಅಂತ ರವೂಫ್ ಹೇಳಿದ್ದನಂತೆ. ಹನ್ನೊಂದು ಸಲ ಕುಲ್ಹುವಲ್ಲಾಹು ಓದಿ ಮುಗಿಸದೆ ಬೇರೆ ಪ್ಲಗ್ಗು ಮುಟ್ಟಲಿಕ್ಕೆ ಬಿಡ್ತಿರಲಿಲ್ಲ.”

ಅಲಿ ಕುಂಞಿಗೆ ನೆನಪಾಯಿತು. ಗೋಡೆಗೆ ಕೈಯೂರಿ, ಇನ್ನೊಂದು ಕೈಯಲ್ಲಿ ಟಿವಿಯ ಪ್ಲಗ್ಗು ಹಿಡಿದು, ಕುರ್‌ಆನಿನ ಆ ಪುಟ್ಟ ಅಧ್ಯಾಯಕ್ಕೆ ತುಟಿ ಅಲುಗಿಸುತ್ತ ನಿಂತ ನೆಬೀಸ. ‘ಕರೆಂಟಿಗೂ ಮಂತ್ರಿಸಬೇಕಾ ನಿನಗೆ?’ ಎಂದು ಚಾವಡಿಯಿಂದ ಎಷ್ಟು ಸಲ ಗೇಲಿ ಮಾಡಿದ್ದರು! ಅವಳು ಉತ್ತರಿಸುತ್ತಿರಲಿಲ್ಲ, ಎಣಿಕೆ ತಪ್ಪೀತೆಂದು ಕೈಯೆತ್ತಿ ಸುಮ್ಮನಿರಿ ಎನ್ನುತ್ತಿದ್ದಳು.

“ಎಲ್ಲ ಕಳಚುವ,” ಎಂದರು ಬೆಳ್ಯಪ್ಪ. “ನೆಬೀಸಕ್ಕನ ಕ್ರಮದಲ್ಲೇ ಹಾಕುವ.”

ರೌಟರಿನ ದೀಪ ಹತ್ತಿತು. ಅಲಿ ಕುಂಞಿ ಬಿಸ್ಮಿಲ್ಲಾಹ್ ಎಂದು ಕಪ್ಪು ಪೆಟ್ಟಿಗೆಯ ಪ್ಲಗ್ಗು ಹಾಕಿ, ಗೋಡೆಗೆ ಕೈಯೂರಿ ಓದತೊಡಗಿದರು. ಐದನೆಯದು ಮುಗಿದಾಗ ಟಿವಿಯ ಪ್ಲಗ್ಗಿನ ಕಡೆ ನೋಡಿದರು. ಎಷ್ಟಾಯಿತೆಂದು ಮರೆತರು.

“ಐದು,” ಎಂದರು ಬೆಳ್ಯಪ್ಪ ಮೆಲ್ಲಗೆ. ಅವರು ಬೆರಳು ಮಡಚಿ ಲೆಕ್ಕ ಇಟ್ಟಿದ್ದರು.

ಹನ್ನೊಂದಾಯಿತು. ಪೆಟ್ಟಿಗೆಯ ದೀಪ ಮಿನುಗುವುದು ಬಿಟ್ಟು ಸ್ಥಿರವಾಗಿ ಬೆಳಗಿತು. ಆಮೇಲೆ ಕಂಪ್ಯೂಟರ್, ಕೊನೆಗೆ ಟಿವಿ. ಅಲಿ ಕುಂಞಿ ಹಳದಿ ಗುರುತನ್ನು ಒತ್ತಿದರು. ನಲವತ್ತೊಂದು ಹೆಸರುಗಳು ಸಾಲಾಗಿ ಕಂಡವು. ಕೈಗೆ ಸಿಕ್ಕಿದ ಒಂದರ ಎರಡನೇ ಬದಿಯನ್ನು ಒತ್ತಿದರು.

ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ಬ್ಯಾರಿ ಭಾಷೆಯಲ್ಲಿ ಒಂದು ಎಳೆಯ ಹೆಣ್ಣು ಧ್ವನಿ: “ಕ್ಯಾಸೆಟ್ಟಿನಲ್ಲಿ ಇನ್ನೂ ಜಾಗ ಉಂಟು, ಹೇಳಲಿಕ್ಕೆ ನನ್ನ ಹತ್ತಿರ ಎಂತದೂ ಉಳಿಯಲಿಲ್ಲ. ಖಾಲಿ ಕಳಿಸುದು ಯಾಕೆ? ಟೇಪು ಇಲ್ಲೇ ಇಡ್ತೇನೆ. ನಾನು ಅಕ್ಕಿ ಕಡೆಯುತ್ತೇನೆ, ನೀವು ಕೇಳ್ತಾ ಇರಿ.”

ಕಡೆಯುವ ಕಲ್ಲು ತಿರುಗತೊಡಗಿತು. ಗುರುಗುರು, ಗುರುಗುರು.

“ಪತ್ತಿರಿ ರೊಟ್ಟಿಗೆ ಇರಬೇಕು,” ಎಂದರು ಬೆಳ್ಯಪ್ಪ. “ನಾನು ಲೈನು ಎಳೆಯಲು ಬಂದ ದಿನ ಆರು ತಿಂದಿದ್ದೆ.”

“ಎಂಟು,” ಎಂದರು ಅಲಿ ಕುಂಞಿ. “ಅದೂ ಒಂದು ಕ್ಯಾಸೆಟ್ಟಿನಲ್ಲಿ ಉಂಟು.”

ಚಾ ಕುಡಿದು ಬೆಳ್ಯಪ್ಪ ಹೇಳಿದರು: “ಇದರದ್ದು ಇನ್ನೊಂದು ಪ್ರತಿ ಮಾಡಿ ಇಡಬೇಕು. ಮತ್ತೆ, ಪೆಟ್ಟಿಗೆಗೆ ಈ ನಂಬರನ್ನೇ ಖಾಯಂ ಮಾಡಿ ಕೊಡ್ತೇನೆ. ಆಮೇಲೆ ಯಾವ ಪ್ಲಗ್ಗು ಮೊದಲು ಹಾಕಿದರೂ ತೊಂದರೆ ಇಲ್ಲ.”

“ಪ್ರತಿ ಮಾಡಿ, ಅದು ಬೇಕು. ನಂಬರು ಹೀಗೇ ಇರಲಿ.”

“ಯಾಕೆ? ಪ್ರತಿ ಗುಡುಗಿಗೂ ಈ ಕಷ್ಟವಾ?”

“ಅವಳು ಓದಿದ್ದು ನಿಂತು ಏಳು ತಿಂಗಳಾಯ್ತು ಗೌಡ್ರೆ. ಇನ್ನು ಗುಡುಗಿದಾಗಲೆಲ್ಲ ಹನ್ನೊಂದು ಅವಳ ಹೆಸರಿಗೆ ಹೋಗಲಿ. ಇಲ್ಲದಿದ್ದರೆ ಸೋಮಾರಿ ನಾನು, ಮರೆತುಬಿಡ್ತೇನೆ.”

ಬೆಳ್ಯಪ್ಪ ಟೆಸ್ಟರನ್ನು ಕಿಸೆಗೆ ಹಾಕಿಕೊಂಡರು. “ಹಾಗಾದರೆ ಮರ್ಕಂಜದಲ್ಲಿ ಗುಡುಗಿದ ಕೂಡಲೇ ಫೋನು ಮಾಡ್ತೇನೆ. ಪ್ಲಗ್ಗು ಹಾಕುವಾಗ ಲೆಕ್ಕ ನಾನು ಇಡ್ತೇನೆ.”

ಬಸ್ಸಿಗೆ ಹೊತ್ತಾಗಿತ್ತು. ಆದರೂ ಕಲ್ಲಿನ ಸದ್ದು ಮುಗಿಯುವ ತನಕ ಅವರು ಏಳಲಿಲ್ಲ.