ಕಂಟ್ರೋಲರ್ ಮತ್ತು ಖಾಲಿ ಟ್ರಿಪ್ಪು

ಕಂಟ್ರೋಲರ್ ಯಾರ ಮನೆಗೆ ಹೋದರೂ ಕೂರುವುದಕ್ಕೆ ಮುಂಚೆ ಹೊರಡುವ ಏರ್ಪಾಟು ಮಾಡಿಕೊಳ್ಳುತ್ತಾರೆ. ಚಪ್ಪಲಿಯನ್ನು ತುದಿ ಹೊರಗಡೆಗೆ ಬರುವಂತೆ ತಿರುಗಿಸಿ ಬಿಡುತ್ತಾರೆ. ಕಾರನ್ನು ರಸ್ತೆಯ ಕಡೆಗೆ ಮೂತಿ ಮಾಡಿ ನಿಲ್ಲಿಸುತ್ತಾರೆ. ಇದ್ದುದರಲ್ಲಿ ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕಿ, ಯಾರೋ ಈಗಲೇ ಎಬ್ಬಿಸಿಯಾರು ಎನ್ನುವ ಹಾಗೆ ಅದರ ಅಂಚಿನಲ್ಲಿ ಕೂರುತ್ತಾರೆ. ಮಾತು ಮುಗಿದರೆ ‘ರೈಟ್’ ಎನ್ನುತ್ತಾರೆ. ಊಟ ಮುಗಿದರೆ ರೈಟ್, ಫೋನು ಇಡುವಾಗ ರೈಟ್. ಒಮ್ಮೆ ನೆಂಟರೊಬ್ಬರ ಅಂತ್ಯಕ್ರಿಯೆ ಮುಗಿದು ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗಲೂ ಅವರ ಬಾಯಿಂದ ಅದೇ ಹೊರಟು, ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎಂದು ಅವರ ಹೆಂಡತಿಗೆ ಅನಿಸಿತ್ತು. ಸತ್ತವರ ಮಗ ಮಾತ್ರ ಅದನ್ನು ಕೇಳಿ, ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ, ಸಣ್ಣಗೆ ನಕ್ಕನಂತೆ.

ಅವರು ಬಸ್ ಡಿಪೋದಲ್ಲಿದ್ದವರು. ಯಾವ ಬಸ್ಸು ಯಾವ ದಾರಿಗೆ, ಯಾವ ಚಾಲಕ ಯಾವ ಪಾಳಿಗೆ ಎಂದು ಹೊಂದಿಸುವುದು ಅವರ ಉದ್ಯೋಗ. ಗಾಜಿನ ಕಿಟಕಿಯ ಹಿಂದೆ, ಡೀಸೆಲ್ ಹೊಗೆಯಿಂದ ಹಳದಿಯಾದ ಗೋಡೆಗಳ ನಡುವೆ, ಒಂದು ಕಾಲು ಗಿಡ್ಡವಾದ ಮೇಜಿಗೆ ಮೊಣಕೈ ಊರಿ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದರು. ಆ ಉದ್ಯೋಗದಲ್ಲಿ ಒಂದೇ ಒಂದು ಮಹಾಪಾತಕವುಂಟು. ಅದರ ಹೆಸರು ಖಾಲಿ ಟ್ರಿಪ್ಪು. ಜನರನ್ನು ಇಳಿಸಿದ ಬಸ್ಸು ಒಬ್ಬ ಪ್ರಯಾಣಿಕನೂ ಇಲ್ಲದೆ, ಹೋದ ದಾರಿಯಲ್ಲೇ ಗಡಗಡ ಸದ್ದು ಮಾಡುತ್ತ ಮರಳಿ ಬರುವುದು. ಉಳಿದ ತಪ್ಪುಗಳನ್ನೆಲ್ಲ ಅವರು ಬೈದು ಮರೆತುಬಿಡುತ್ತಿದ್ದರು. ಖಾಲಿ ಟ್ರಿಪ್ಪಾದ ದಿನ ಮಾತ್ರ ರಾತ್ರಿಯ ಊಟ ಸೇರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಹುದ್ದೆ ಹೋಯಿತು, ಹೆಸರು ಉಳಿಯಿತು, ಕೋಟೂ ಉಳಿಯಿತು. ನೀಲಿ ಬಣ್ಣದ, ದಪ್ಪ ಬಟ್ಟೆಯ ಆ ಕೋಟಿನ ಮೊಣಕೈಗೆ ಹೆಂಡತಿ ಎರಡು ಸಲ ತೇಪೆ ಹಾಕಿದ್ದಾರೆ. ಕಾರಿನ ಕೀಲಿ ಇರುವುದು ಬಾಯಿಗೆ ಪಿನ್ನು ಚುಚ್ಚಿದ ಅದರ ಒಳಜೇಬಿನಲ್ಲಿ. ಇದೆಯೋ ಇಲ್ಲವೋ ಎಂದು ಆಗಾಗ ಎದೆ ತಟ್ಟಿ ನೋಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಹೆಂಡತಿ ಮದುವೆಯಾದ ಹೊಸದರಲ್ಲಿ, ಆ ಜೇಬಿನಲ್ಲಿ ಡಿಪೋದ ಕೀಲಿಯಿದ್ದ ಕಾಲದಲ್ಲಿ, ಇದನ್ನು ಎದೆನೋವು ಎಂದೇ ತಿಳಿದು, ಗಂಡ ನಿದ್ದೆಹೋದ ಮೇಲೆ ನಾಡಿ ಹಿಡಿದು ನೋಡುತ್ತಿದ್ದರು. ಮೊದಲ ಹೆರಿಗೆಯಾದಾಗ ಒಳಗಿಂದ ಬಂದ ದಾದಿ ಸುದ್ದಿ ಹೇಳಲು ಹುಡುಕಿದರೆ ಮಗುವಿನ ತಂದೆ ಎಲ್ಲೂ ಇಲ್ಲ. ಎಷ್ಟೋ ಹೊತ್ತಿಗೆ ಬೆವರು ಒರೆಸುತ್ತ ಬಂದವರು ಗಂಡೋ ಹೆಣ್ಣೋ ಎಂದು ಕೇಳುವುದಕ್ಕೂ ಮುಂಚೆ, “ಮನೆಗೆ ಹೋಗೋಕೆ ಗಾಡಿ ಹೇಳಿ ಬಂದಿದೀನಿ” ಎಂದರು. ಆ ಗಾಡಿಯವನು ಪಾಪ, ಮೂರು ದಿನ ಬಿಟ್ಟು ಬರಬೇಕಾಯಿತು.

ಇಂಥ ಮನುಷ್ಯನಿಗೆ ಮುಪ್ಪಿನಲ್ಲಿ ಸಮುದ್ರದ ಹುಚ್ಚು ಹಿಡಿಯಿತು. ತೀರವನ್ನು ಈ ತುದಿಯಿಂದ ಆ ತುದಿಯವರೆಗೆ, ಒಂದು ಮಾರೂ ಬಿಡದೆ ನೋಡಬೇಕು. ರಸ್ತೆ ಅಲೆಗಳ ಪಕ್ಕದಲ್ಲಿ ಓಡುವಷ್ಟು ದೂರ ಕಾರು. ಗುಡ್ಡಗಳು ಸಮುದ್ರದೊಳಕ್ಕೆ ಮೂಗು ಚಾಚಿದ ಕಡೆಗಳಲ್ಲಿ ರಸ್ತೆ ಒಳನಾಡಿಗೆ ತಿರುಗಿಬಿಡುತ್ತದೆ. ಅಲ್ಲಿ ಕಡಿದಾದ ದಂಡೆಯ ಮೇಲಿನ ಕಾಲುದಾರಿಯೇ ಗತಿ. ನಡೆದು ಹೋದವರು ಕಾರಿಗಾಗಿ ಅದೇ ದಾರಿಯಲ್ಲಿ ಮರಳಬೇಕಲ್ಲ ಎಂದು ಯಾರೋ ಕೇಳಿದಾಗ ಅವರ ಮುಖ ಹುಳ್ಳಗಾಯಿತು. ಅದು ಖಾಲಿ ಟ್ರಿಪ್ಪಲ್ಲವೇ? ಕೂತು ಯೋಚಿಸಿ ಉಪಾಯ ಕಂಡುಕೊಂಡರು. ಹೆಂಡತಿಯನ್ನು ಕಾಲುದಾರಿಯ ಈ ತುದಿಯಲ್ಲಿ ಇಳಿಸುವುದು; ತಾವು ಕಾರನ್ನು ಬಳಸುದಾರಿಯಲ್ಲಿ ಆ ತುದಿಗೆ ಒಯ್ದು ನಿಲ್ಲಿಸಿ, ಅಲ್ಲಿಂದ ಎದುರಾಗಿ ನಡೆದುಬರುವುದು. ನಡುದಾರಿಯಲ್ಲಿ ಭೇಟಿ, ಫ್ಲಾಸ್ಕಿನ ಚಹಾ, ಕೀಲಿಯ ಹಸ್ತಾಂತರ. ಆಕೆ ಮುಂದೆ ನಡೆದು ಕಾರು ತಲುಪಿ, ರಸ್ತೆಯಲ್ಲಿ ಸುತ್ತಿ ಬಂದು, ಈ ತುದಿ ಮುಟ್ಟಿದ ಗಂಡನನ್ನು ಹತ್ತಿಸಿಕೊಳ್ಳುವುದು. ಇಬ್ಬರದೂ ಪೂರ್ತಿ ನಡಿಗೆ, ಒಂದು ಹೆಜ್ಜೆಯೂ ಎರಡನೆಯ ಸಲ ಇಲ್ಲ. ಈ ಉಪಾಯ ಹೊಳೆದ ದಿನ ಅವರು ಮಗುವಿನಂತೆ ಕುಣಿದಾಡಿದರು ಎಂದು ಹೆಂಡತಿ ಹೇಳುವುದುಂಟು.

ಹೀಗೆ ಶುರುವಾಗಿ ವರ್ಷಗಳೇ ಆದವು. ನೆರೆಹೊರೆಯವರು, “ಏನೇ ಹೇಳಿ, ಈ ವಯಸ್ಸಲ್ಲಿ ಗಂಡ ಹೆಂಡ್ತಿ ಜೊತೇಲಿ ನಡೀತೀರಲ್ಲ, ಪುಣ್ಯವಂತರು” ಎಂದರೆ ಆಕೆಗೆ ನಗು ಬರುತ್ತಿತ್ತು. ಬರಬರುತ್ತ ನಗುವೂ ಬಾರದಾಯಿತು. ಜೊತೆ ಎಲ್ಲಿಯದು? ಇಡೀ ತೀರವನ್ನು ಆಕೆ ಒಂಟಿಯಾಗಿ ನಡೆದಿದ್ದರು. ಒಂದು ಹಕ್ಕಿ ಕಂಡರೆ ‘ನೋಡ್ರೀ’ ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಎದುರಿನಿಂದ ನೀಲಿ ಕೋಟು, ಕೈಗಳನ್ನು ಹಿಂದಕ್ಕೆ ಕಟ್ಟಿ, ಮುಂದಕ್ಕೆ ಬಾಗಿ, ಬಸ್ಸು ತಪ್ಪಿಹೋಗುವವರಂತೆ ಪುಟಪುಟನೆ ಹೆಜ್ಜೆ ಹಾಕುತ್ತ ಬರುವುದು, ಚಹಾ ಕುಡಿಯುವುದು, ‘ರೈಟ್’ ಎಂದು ಬೆನ್ನು ತಿರುಗಿಸುವುದು. ಸಂಜೆ ಅಗ್ಗದ ವಸತಿಗೃಹದ ಕೋಣೆಯಲ್ಲಿ, ಕುರ್ಚಿಯ ಬೆನ್ನಿಗೆ ಒದ್ದೆ ಕಾಲುಚೀಲ ಹರವಿ, ಒಂದೇ ಬಕೆಟ್ಟಿನ ಬಿಸಿನೀರಿನಲ್ಲಿ ಇಬ್ಬರೂ ಪಾದ ಇಳಿಬಿಟ್ಟು ಕೂತಾಗ ಮಾತಾಡೋಣವೆಂದರೆ, ಆ ಹೊತ್ತಿಗೆ ಮಾತಾಡುವ ತ್ರಾಣ ಇಬ್ಬರಲ್ಲೂ ಉಳಿದಿರುತ್ತಿರಲಿಲ್ಲ. ವಾರ್ಡಿನಿಂದ ವಾರ್ಡಿಗೆ ಓಡಾಡಿ ಸವೆದ ಪಾದಗಳು ಆಕೆಯವು. ದಣಿದಿದ್ದು ಪಾದಗಳಷ್ಟೇ ಆಗಿದ್ದರೆ ಬಿಸಿನೀರು ಸಾಕಾಗುತ್ತಿತ್ತು.

ತೀರ ಇನ್ನೇನು ಮುಗಿಯುವುದರಲ್ಲಿತ್ತು. ಎರಡೋ ಮೂರೋ ಗುಡ್ಡಗಳ ಮೂಗು ಬಾಕಿ. ಅಂಥ ಒಂದು ಗುಡ್ಡದ ನಡುದಾರಿಯಲ್ಲಿ, ಮೋಡ ಕವಿದ ಮಧ್ಯಾಹ್ನ, ಚಪ್ಪಟೆಯಾದ ಬಂಡೆಯೊಂದರ ಮೇಲೆ ಇಬ್ಬರೂ ಚಹಾಕ್ಕೆ ಕೂತರು. ಆಕೆ ಲೋಟ ಕೆಳಗಿಟ್ಟು ಹೇಳಿದರು.

“ರೀ, ಇದೇ ಕೊನೆ. ಮುಂದಿನದಕ್ಕೆ ನಾನು ಬರಲ್ಲ.”

“ಕಾಲು ನೋವಾ?”

“ಕಾಲಲ್ಲ. ಒಬ್ಬಳೇ ನಡೆದು ನಡೆದು ಸಾಕಾಗಿದೆ. ಒಂದು ದಿನಾನಾದ್ರೂ ಜೊತೇಲಿ ನಡೆದಿದೀವಾ?”

“ಜೊತೇಲಿ ನಡೆದ್ರೆ ಕಾರು ತಾನಾಗಿ ಬರುತ್ತೇನೇ?” ಎಂದರು ಕಂಟ್ರೋಲರ್. ಬಹಳ ಹಳೆಯ ಪ್ರಶ್ನೆ.

“ಬರದಿದ್ರೆ ಬೇಡ. ನೀವೂ ನಿಮ್ಮ ಕಾರೂ ಹೋಗಿ.”

ಆಕೆಯಿಲ್ಲದೆ ಆ ಉಪಾಯ ನಡೆಯದು, ತೀರ ಮುಗಿಯದು. ಇಷ್ಟು ವರ್ಷದ ಹಂಬಲ ದಡದ ಹತ್ತಿರ ಬಂದು ಮುಳುಗುತ್ತಿದೆ ಎಂದು ಅವರಿಗೂ ಗೊತ್ತು. ಅವರು ಎದ್ದು, ಕೋಟು ಕೊಡವಿ ನಡೆದುಬಿಟ್ಟರು. ಆ ದಿನ ರೈಟ್ ಎನ್ನಲಿಲ್ಲ. ಆಕೆಯೂ ಬಿಗಿದ ಮುಖದಲ್ಲಿ ಫ್ಲಾಸ್ಕನ್ನು ಚೀಲಕ್ಕೆ ತುರುಕಿ ಇನ್ನೊಂದು ಕಡೆಗೆ ಹೊರಟರು.

ಗುಡ್ಡವಿಳಿದು ಕಾರಿನ ಬಾಗಿಲಿಗೆ ಕೈಹಾಕಿದಾಗಲೇ ಆಕೆಗೆ ಗೊತ್ತಾದದ್ದು, ಕೀಲಿ ತಮ್ಮ ಬಳಿ ಇಲ್ಲವೆಂದು. ಚೀಲ ತಡಕಿದರು, ಸುಮ್ಮನೆ. ಗಂಡ ಕೊಟ್ಟಿದ್ದರೆ ತಾನೇ ಇರುವುದು. ಅಯ್ಯೋ ನಮ್ಮ ಕಂಟ್ರೋಲರೇ, ಎಂದು ಮೊದಲು ನಗು ಬಂತು. ಆಮೇಲೆ ಸಿಟ್ಟು. ಆಮೇಲೆ, ಬಾನೆಟ್ಟಿಗೆ ಒರಗಿ ನಿಂತಾಗ, ಸಂಕಟ. ಡಿಪೋದ ಅಷ್ಟೂ ಬಸ್ಸುಗಳ ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಕೀಲಿ ಕೊಡುವುದನ್ನು ಮರೆಯಬೇಕಾದರೆ ತನ್ನ ಮಾತು ಎಷ್ಟು ಆಳಕ್ಕೆ ಹೋಗಿರಬೇಕು! ಆ ಗುಡ್ಡದಲ್ಲಿ ಫೋನು ಹತ್ತುವುದಿಲ್ಲ. ಈಗ ಅವರು, ಬೆಳಗ್ಗೆ ತಮ್ಮನ್ನು ಇಳಿಸಿದ ತುದಿಯ ಮೋಟುಗೋಡೆಯ ಮೇಲೆ ರಸ್ತೆಗೆ ಮುಖಮಾಡಿ ಕೂತಿರುತ್ತಾರೆ. ಅಭ್ಯಾಸದಂತೆ ಎದೆ ತಟ್ಟಿಕೊಳ್ಳುತ್ತಾರೆ. ಕೀಲಿ ಕೈಗೆ ಸಿಗುತ್ತದೆ. ರಸ್ತೆಯಲ್ಲಿ ಯಾರ ಗಾಡಿಗಾದರೂ ಕೈ ತೋರಿಸಿ ಬರುವವರೇ? ಖಂಡಿತ ಇಲ್ಲ. ಹೆಂಡತಿ ಹುಡುಕಿಕೊಂಡು ಬಂದರೆ ಯಾವ ದಾರಿಯಲ್ಲಿ ಬಂದಾಳೋ ಆ ದಾರಿಯನ್ನು ಬಿಟ್ಟು ಹೋಗುವ ಜಾಯಮಾನ ಅವರದಲ್ಲ. ಮೊದಲೇ ನೋಯುವ ಮಂಡಿಯನ್ನು ಎಳೆದುಕೊಂಡು ಗುಡ್ಡವನ್ನೇ ಹತ್ತುತ್ತಾರೆ. ಕಲ್ಲು ಸಡಿಲವಾದ ದಂಡೆ, ಹೊತ್ತು ಇಳಿಯುತ್ತಿದೆ. ಕಾರಿನ ಬಳಿಯೇ ಕಾಯುವುದು ಜಾಣತನ ಎಂದು ಆಕೆಗೆ ಗೊತ್ತಿತ್ತು. ಪಾದಗಳಂತೂ ಕೈಮುಗಿದು ಬೇಡಿಕೊಳ್ಳುತ್ತಿದ್ದವು. ಹಾಳಾಗಿ ಹೋಗಲಿ ಎಂದು ಆಕೆ ಸೆರಗು ಸಿಕ್ಕಿಸಿ, ಬಂದ ದಾರಿಯಲ್ಲೇ ತಿರುಗಿ ನಡೆದರು.

ಅದೇ ಚಪ್ಪಟೆ ಬಂಡೆಯ ಮೇಲೆ ಅವರು ಕೂತಿದ್ದರು. ಮಂಡಿ ಊದಿ ಪ್ಯಾಂಟು ಬಿಗಿದಿತ್ತು. ಕೋಟಿನ ಒಂದು ಪಕ್ಕಕ್ಕೆ ಮಣ್ಣು ಮೆತ್ತಿತ್ತು, ಎಲ್ಲೋ ಜಾರಿರಬೇಕು. ಹೆಂಡತಿಯನ್ನು ಕಂಡೊಡನೆ, ದೂರದಿಂದಲೇ, ತಪ್ಪೊಪ್ಪಿಕೊಳ್ಳುವ ಹುಡುಗನಂತೆ ಕೀಲಿಯನ್ನು ಮುಂದಕ್ಕೆ ಚಾಚಿದರು. ಆಕೆ ಅದನ್ನು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, ಹಳೆಯ ಅಭ್ಯಾಸ, ಮಂಡಿಯನ್ನು ಒತ್ತಿ ನೋಡಿದರು.

“ಮುರಿದಿಲ್ಲ. ನಡೀಬಹುದು, ಮೆತ್ತಗೆ.”

“ನೀನ್ಯಾಕೆ ಬಂದೆ? ಅಲ್ಲೇ ಇರಬೇಕಿತ್ತು.”

“ನೀವ್ಯಾಕೆ ಬಂದ್ರಿ?”

ಅವರು ಕೀಲಿಯನ್ನು ಮತ್ತೆ ಜೇಬಿಗಿಳಿಸಿ ಪಿನ್ನು ಚುಚ್ಚಿದರು. ಆಕೆ ಅವರ ತೋಳಿನೊಳಗೆ ತೋಳು ಸೇರಿಸಿ ಎಬ್ಬಿಸಿದರು, ವಾರ್ಡಿನಲ್ಲಿ ಎಷ್ಟೋ ಜನರನ್ನು ಎಬ್ಬಿಸಿದಂತೆಯೇ. ಇಬ್ಬರೂ ಒಂದೇ ಕಡೆಗೆ ಮುಖಮಾಡಿ, ಕುಂಟುತ್ತ, ನಿಲ್ಲುತ್ತ, ಕಾರಿನತ್ತ ನಡೆದರು. ಅವಸರದ ಆ ಪುಟಪುಟ ಹೆಜ್ಜೆ ಮಂಡಿಯ ದೆಸೆಯಿಂದ ಆಕೆಯ ಹೆಜ್ಜೆಗೆ ಇಳಿದಿತ್ತು. ದಾರಿಯ ಒಂದು ತಿರುವಿನಲ್ಲಿ, ಕೆಳಗಡೆ, ಬಂಡೆಗಳ ನಡುವಿನ ಪುಟ್ಟ ಮರಳುಪಟ್ಟಿಯ ಮೇಲೆ ಬಿಳಿ ಹಕ್ಕಿಗಳ ಹಿಂಡೊಂದು ಗಾಳಿಗೆ ಎದುರಾಗಿ ಸುಮ್ಮನೆ ನಿಂತಿತ್ತು.

“ನೋಡ್ರೀ” ಎಂದರು ಆಕೆ.

ಅವರು ಬಹಳ ಹೊತ್ತು ನೋಡಿದರು. “ಬೆಳಗ್ಗೆ ಇದೇ ದಾರೀಲಿ ಬಂದೆ. ಇದು ಕಾಣಲೇ ಇಲ್ಲ” ಎಂದರು. ಆಮೇಲೆ, “ನೀನು ಬರ್ತಿದೀಯಾ ಅಂತ ಎದುರುಗಡೇನೇ ನೋಡ್ಕೊಂಡು ಬರ್ತೀನಲ್ಲ, ಪಕ್ಕಕ್ಕೆ ನೋಡಕ್ಕಾಗಲ್ಲ” ಎಂದರು.

ಒಂಟಿಯಾಗಿ ನಡೆದೆ ಎಂದು ಎಣಿಸಿದ್ದ ಆ ಎಲ್ಲ ಗುಡ್ಡಗಳಲ್ಲೂ ಆಚೆ ತುದಿಯಿಂದ ಒಬ್ಬ ಮನುಷ್ಯ ತನ್ನನ್ನೇ ಹುಡುಕುತ್ತ ಬರುತ್ತಿದ್ದ. ಆಕೆ ಅಳು ಮುಚ್ಚಿಕೊಳ್ಳಲು ಕೆಣಕಿದರು.

“ಹೋದ ದಾರೀಲೇ ವಾಪಸ್ಸು. ಖಾಲಿ ಟ್ರಿಪ್ಪಾಯ್ತಲ್ಲ ಕಂಟ್ರೋಲರೇ?”

“ಇಬ್ಬರಿದೀವಲ್ಲೇ” ಎಂದರು ಅವರು. “ಖಾಲಿ ಹೇಗಾಗುತ್ತೆ?”

ಕಾರು ಆಕೆಯೇ ನಡೆಸಬೇಕಾಯಿತು. ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತ ಕಂಟ್ರೋಲರ್ ಮುಂದಿನ ಗುಡ್ಡದ ಮಾತು ಎತ್ತಿದರು: ಅರ್ಧ ದಾರಿ ಹೋಗಿ, ಚಹಾ ಕುಡಿದು, ಹಾಗೇ ವಾಪಸ್ ಬಂದುಬಿಡೋಣ ಎಂದು. ಹಾಗಾದರೆ ತೀರ ಪೂರ್ತಿಯಾಗುವುದಿಲ್ಲವಲ್ಲ ಎಂದು ಆಕೆ ಕೇಳಿದಾಗ, ಇಲ್ಲ ಎಂದು ಒಪ್ಪಿಕೊಂಡರು, ಹಲ್ಲು ಕೀಳಿಸಿಕೊಂಡವರ ಮುಖದಲ್ಲಿ. ಆಮೇಲೆ ಕಣ್ಣುಮುಚ್ಚಿ ಕಾದರು. ಕಾರು ಮಾತ್ರ ಹೊರಡಲಿಲ್ಲ. ಏನೆಂದು ಕಣ್ಣುಬಿಟ್ಟರೆ ಆಕೆ ಸ್ಟೀರಿಂಗ್ ಹಿಡಿದು ಅವರನ್ನೇ ನೋಡುತ್ತಿದ್ದರು.

“ರೈಟ್” ಎಂದರು ಕಂಟ್ರೋಲರ್.

ಇಂಥವರು ಒಬ್ಬೊಬ್ಬರು ಎಲ್ಲ ಮನೆಗಳಲ್ಲೂ ಇರುತ್ತಾರೆ. ನಾವು ಸಮುದ್ರ ನೋಡುತ್ತಿರುವಾಗ ಅವರು ನಮ್ಮ ಮರುಪ್ರಯಾಣದ ಚಿಂತೆಯಲ್ಲಿರುತ್ತಾರೆ; ನಾವು ಹಾಡು ಕೇಳುತ್ತಿರುವಾಗ ಅವರು ಹೊರಗೆ ಹೋಗಿ ಗಾಡಿ ತಿರುಗಿಸಿ ನಿಲ್ಲಿಸುತ್ತಿರುತ್ತಾರೆ. ಅವರ ಪ್ರೀತಿ ನಮಗಿಂತ ಮುಂಚೆ ಹೋಗಿ ದಾರಿಯ ಕೊನೆಯಲ್ಲಿ ಕಾದಿರುವಂಥದ್ದು, ಆದ್ದರಿಂದಲೇ ದಾರಿಯುದ್ದಕ್ಕೂ ಅದು ನಮ್ಮ ಪಕ್ಕದಲ್ಲಿ ಕಾಣುವುದಿಲ್ಲ; ನಾವು ದೂರುತ್ತೇವೆ, ದಣಿಯುತ್ತೇವೆ, ಇನ್ನು ಸಾಕು ಎನ್ನುತ್ತೇವೆ. ತಪ್ಪೆಂದು ಹೇಳಲಾರೆವು, ಆ ದಣಿವೂ ಸುಳ್ಳಲ್ಲ. ಆದರೆ ಅಂಥವರು ಎಂದಾದರೊಂದು ದಿನ ಕೀಲಿ ಕೊಡುವುದನ್ನೇ ಮರೆತು ಹೋದರೆ, ಬೈಯುವ ಮುಂಚೆ ಒಂದಿಷ್ಟು ದೂರ ಹಿಂದಕ್ಕೆ ನಡೆದು ನೋಡಬೇಕು. ಅರ್ಧ ದಾರಿಯಲ್ಲಿ ಎಲ್ಲೋ ಬಂಡೆಯ ಮೇಲೆ ಕೂತಿರುತ್ತಾರೆ, ನಾವು ಬರುವ ದಿಕ್ಕಿಗೇ ಮುಖಮಾಡಿ.