ದರ್ಜಿಯಜ್ಜನ ಹೊದಿಕೆ

ವೃದ್ಧಾಶ್ರಮದ ಹಾಸಿಗೆ ಬಟ್ಟೆಯೆಲ್ಲ ನನ್ನ ಉಸ್ತುವಾರಿ. ಹನ್ನೊಂದು ವರ್ಷದಲ್ಲಿ ಒಂದು ಚಾದರದ ಕಲೆಗೂ ಯಾರೂ ನನ್ನತ್ತ ಬೆರಳು ತೋರಿಸಿರಲಿಲ್ಲ. ಆ ಜಂಬವೇ ನನ್ನ ಬಾಯಿ ಕಟ್ಟಿತು.

ಆರನೇ ಕೋಣೆಯಲ್ಲಿ ತಿಗಣೆ ಸಿಕ್ಕಿದ್ದು ಸೋಮವಾರ. ಅಲ್ಲಿದ್ದ ದರ್ಜಿಯಜ್ಜ ಬಂದು ಇನ್ನೂ ಮೂರು ವಾರ. ಜೊತೆಗೆ ತಂದಿದ್ದು ಎರಡು ಜೊತೆ ಬಟ್ಟೆ, ಮತ್ತೆ ತೀರಿಕೊಂಡ ಹೆಂಡತಿಯ ಹಳೆಯ ಬಟ್ಟೆಗಳ ತುಂಡು ಜೋಡಿಸಿ ತಾವೇ ಹೊಲಿದ ಹೊದಿಕೆ. ಮೇಲ್ವಿಚಾರಕಿ ಅದನ್ನು ಕಂಡಿದ್ದೇ ತಡ, ತೀರ್ಪು ಕೊಟ್ಟುಬಿಟ್ಟರು.

"ಹಳೇ ಬಟ್ಟೆ. ಇದರಲ್ಲೇ ಬಂದಿರೋದು."

ಔಷಧಿ ಹೊಡೆಯಲು ಬಂದವನು ಟಾರ್ಚ್ ಹಿಡಿದು ಹೊದಿಕೆಯ ಒಂದೊಂದು ಹೊಲಿಗೆಯನ್ನೂ ನೋಡಿದ. "ಇದರಲ್ಲಿ ಒಂದೂ ಕಾಣ್ತಿಲ್ಲ ಮೇಡಂ," ಎಂದು ಮಂಚದ ಪಕ್ಕದ ಬೆತ್ತದ ಕುರ್ಚಿಯನ್ನು ಮಗುಚಿದ. ಅಡಿಯಲ್ಲಿ ತಿಗಣೆಗಳ ಸಂಸಾರವೇ ಇತ್ತು. "ಇದರ ಮೇಲೆ ಯಾರು ಏನಿಡ್ತಾರೆ?"

ಇಡುತ್ತಿದ್ದವಳು ನಾನು. ದಿನಾ ನನ್ನ ಕೆಲಸ ಆರನೇ ಕೋಣೆಯಿಂದಲೇ ಶುರು. ಮನೆಯಿಂದ ತಂದ ಚೀಲ ಆ ಕುರ್ಚಿಯ ಮೇಲಿಟ್ಟೇ ಚಾದರಕ್ಕೆ ಕೈ ಹಾಕುವುದು. ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ತಿಗಣೆ ಕಾಟ. ಅತ್ತೆ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಹಾಕಿ ಸೋತುಹೋಗಿದ್ದರು. ಹೇಳಿಬಿಡೋಣ ಎಂದೇ ಬಾಯಿ ತೆರೆದೆ.

"ಅಜ್ಜ ಕೂತ್ಕೊಳ್ಳೋದು ಅಲ್ಲೇ," ಎಂಬ ಮಾತು ಬಂತು.

ಅದು ಸುಳ್ಳೇನಲ್ಲ. ಆದರೂ ನೆನೆದರೆ ನನ್ನ ಮೇಲೇ ಹೇಸಿಗೆ ಹುಟ್ಟುತ್ತದೆ.

"ಹೊದ್ಕೊಂಡು ಕೂತ್ಕೊಳ್ತಾರೆ, ಇನ್ನೇನು ಮತ್ತೆ," ಎಂದರು ಮೇಲ್ವಿಚಾರಕಿ. ಕುದಿಯುವ ನೀರಲ್ಲಿ ಒಗೆದರೆ ಸಾಕು ಎಂದು ಔಷಧಿಯವನು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊದಿಕೆಯನ್ನು ಕರಿ ಚೀಲಕ್ಕೆ ತುರುಕಿ, ಹಿತ್ತಲಿಗೆ ಒಯ್ದು ಸುಟ್ಟವಳು ನಾನೇ. ಹಾಸಿಗೆ ಬಟ್ಟೆ ನನ್ನ ಉಸ್ತುವಾರಿ ತಾನೇ. ಹಸಿರು ಹೂವಿನ ಒಂದು ತುಂಡು ಎಲ್ಲಕ್ಕಿಂತ ಕೊನೆಗೆ ಹೊತ್ತಿಕೊಂಡಿತು.

ಮಧ್ಯಾಹ್ನ ಹೊಸ ಕಂಬಳಿ ಹಿಡಿದು ಹೋದೆ. ಅಜ್ಜ ಕಂಬಳಿ ನೋಡಲಿಲ್ಲ, ನನ್ನ ಮುಂಗೈ ನೋಡಿದರು. ಸಾಲಾಗಿ ನಾಲ್ಕು ಕೆಂಪು ಗುಳ್ಳೆಗಳಿದ್ದವು.

"ನಿನಗೂ ಕಚ್ಚಿವೆಯಲ್ಲಮ್ಮ," ಎಂದರು. "ಮನೇಲಿ ಮಕ್ಕಳಿರೋಳು ನೀನು. ನನ್ನ ಹೊದಿಕೆಯಿಂದ ನಿಮ್ಮನೆಗೂ ಹೋಗಿಬಿಟ್ರೆ ಏನು ಗತಿ? ತಪ್ಪಾಯ್ತು ತಾಯಿ, ಕ್ಷಮಿಸಿಬಿಡು."

ಈಗಲಾದರೂ ಹೇಳಬೇಕಿತ್ತು. ನಾನು ಕೈಯನ್ನು ಕಂಬಳಿಯ ಅಡಿಗೆ ಎಳೆದುಕೊಂಡೆ.

"ಪರವಾಗಿಲ್ಲ ಬಿಡಿ ಅಜ್ಜ," ಎಂದೆ.

ಅವರಿಗೆ ಎಷ್ಟೋ ಸಮಾಧಾನವಾಯಿತು. ದಿಂಬಿನ ಕೆಳಗೆ ತಡಕಾಡಿ ಮುಲಾಮಿನ ಡಬ್ಬಿ ತೆಗೆದು, ಮುಚ್ಚಳ ತಿರುಗಿಸುತ್ತ, "ಕೈ ಕೊಡು," ಎಂದರು.