ಇನ್ನೂರು ಹಸಿರು

"ಥೂ ದರಿದ್ರದೋಳೇ! ಗಂಟೆ ಹನ್ನೊಂದಾಯ್ತು, ಇನ್ನೂ ಅರವತ್ತೇ ಹಸಿರು. ಬೆರಳಿಗೇನು ಲಕ್ವ ಹೊಡ್ದಿದ್ಯಾ?"

ಹೆರಿಗೆ ವಾರ್ಡಿನ ಆಯಾ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಮೆಷಿನ್ ಹತ್ತಿರ ಬಂದಳು. ಬೈದವನು ವಾರ್ಡಿನ ಮೇಲ್ವಿಚಾರಕ. ಅಂಗಿಯ ಗೆರೆ ಮುರಿಯದವನಾದ್ದರಿಂದ ಆಯಾಗಳ ಬಾಯಲ್ಲಿ ಇಸ್ತ್ರಿ ಸಾಹೇಬ.

ಹೆತ್ತ ಪ್ರತಿಯೊಬ್ಬಳಿಗೂ ಒಂದು ಮಂಚ ಎಂದು ಸರ್ಕಾರ ಆದೇಶ ಹೊರಡಿಸಿತ್ತು. ಅದು ಜಾರಿಯಾಗುತ್ತಿದೆಯೋ ಇಲ್ಲವೋ ಮೇಲಿನವರಿಗೆ ಕೂತಲ್ಲೇ ತಿಳಿಯಲಿ ಎಂದು ವಾರ್ಡಿನ ಬಾಗಿಲಿಗೆ ಈ ಮೆಷಿನ್ ಬಂತು. ನಗುವ ಮುಖದ ಹಸಿರು ಬಟನ್, ಅಳುವ ಮುಖದ ಕೆಂಪು ಬಟನ್. ಮನೆಗೆ ಹೊರಟ ಬಾಣಂತಿಯರು ಒತ್ತಬೇಕು. ಅವರ ಕೈಗೆ ಬಿಟ್ಟರೆ ಕೆಲಸ ಕೆಟ್ಟಿತೆಂದು ಇಸ್ತ್ರಿ ಸಾಹೇಬ ಅದನ್ನು ಆಯಾಳ ತಲೆಗೆ ಕಟ್ಟಿದ್ದ. ದಿನಕ್ಕೆ ಇನ್ನೂರು ಹಸಿರು. ನೆಲ ಒರೆಸಬೇಕು, ರಕ್ತದ ಬಟ್ಟೆ ಎತ್ತಬೇಕು, ನಡುನಡುವೆ ಬಂದು ಇಡೀ ಊರಿನ ಪರವಾಗಿ ನಗಬೇಕು.

ಇವತ್ತು ಅವಳ ಸ್ವಂತ ಮಗಳೇ ಬಾಗಿಲ ಹೊರಗೆ ಹಜಾರದ ನೆಲದ ಮೇಲಿದ್ದಳು. ಬೆಳಗಿನ ಜಾವ ಹೆತ್ತವಳು, ಓಡಾಡುವವರ ಚಪ್ಪಲಿಗಳ ಪಕ್ಕ, ಪ್ಲಾಸ್ಟಿಕ್ ಹಾಳೆಯ ಮೇಲೆ ಕೂಸನ್ನು ಅವುಚಿಕೊಂಡು ನಡುಗುತ್ತಿದ್ದಳು. ಒಳಗೆ ಕಿಟಕಿಯ ಬಳಿ ಎರಡು ಮಂಚ ಖಾಲಿ. ಬಿಳಿ ಹಾಸು, ಹೊಸ ದಿಂಬು. ಮಂಚಕ್ಕೆ ಕೊರತೆಯಿಲ್ಲ ಎಂದು ತಪಾಸಣೆಯವರಿಗೆ ತೋರಿಸಲು ಇಟ್ಟವು, ಯಾರನ್ನೂ ಮಲಗಿಸುವಂತಿರಲಿಲ್ಲ.

"ಸಾಹೇಬ್ರೇ, ಕಾಲಿಗೆ ಬೀಳ್ತೀನಿ. ಮಗಳಿಗೆ ರಕ್ತ ನಿಲ್ತಿಲ್ಲ. ಸಂಜೆವರೆಗಾದ್ರೂ ಆ ಮಂಚ ಕೊಡಿ."

"ಹಾಸಿನ ಮೇಲೆ ಕಲೆ ಬಿದ್ರೆ ನಿಮ್ಮಪ್ಪ ಬಂದು ತೊಳೀತಾನಾ?"

"ತೊಳೆಯೋಳು ನಾನೇ ಅಲ್ವಾ ಸಾಹೇಬ್ರೇ."

"ಬಾಯಿ ಬೇರೆ! ಮುಚ್ಕೊಂಡು ಒತ್ತೇ."

"ಅಮ್ಮಾ, ಚಳಿ" ಎಂದಳು ಮಗಳು. ಆಯಾ ಮೆಷಿನ್ನಿನತ್ತ ತಿರುಗಿದಳು. ವರ್ಷಗಟ್ಟಲೆ ಹಸಿರನ್ನೇ ಒತ್ತಿ ಜಡ್ಡುಗಟ್ಟಿದ್ದ ತೋರುಬೆರಳು ಕೆಂಪಿಗೆ ಹೋಯಿತು. ಒಂದು, ಎರಡು, ಹತ್ತು, ನಲವತ್ತು. ಲೆಕ್ಕ ತಪ್ಪಿದ ಮೇಲೂ ಒತ್ತುತ್ತಲೇ ಇದ್ದಳು.

ಇಸ್ತ್ರಿ ಸಾಹೇಬನ ಜೇಬಿನ ಫೋನು ಬಡಿದುಕೊಂಡಿತು. ಕಿವಿಗಿಡುತ್ತಲೇ ಅವನ ಬೆನ್ನು ಬಾಗಿತು.

"ಇಲ್ಲ ಸರ್, ಯಾರ ದೂರೂ ಇಲ್ಲ ಸರ್. ಕಸ ಗುಡಿಸೋಳು ಒರೆಸುವಾಗ ಕೈ ತಾಗಿಸಿದ್ದಾಳೆ... ಆಯ್ತು ಸರ್. ಸಂಜೆಯೊಳಗೆ ಹಸಿರು ಮಾಡಿಸ್ತೀನಿ ಸರ್."

ಮಂಚದ ವಿಷಯ ಆ ಕಡೆಯವರು ಕೇಳಲೇ ಇಲ್ಲ.

ಫೋನಿಟ್ಟವನೇ ಅವಳ ಮಣಿಕಟ್ಟು ಹಿಡಿದ. "ಬೋಸುಡಿ, ನನ್ನ ಹೊಟ್ಟೆ ಮೇಲೆ ಹೊಡೀತೀಯಾ? ಇದೇ ಕೈಯಲ್ಲಿ ಐನೂರು ಒತ್ತಿಸ್ತೀನಿ."

ಆಯಾ ಮುಷ್ಟಿ ಬಿಗಿದಳು. "ಒತ್ತಲ್ಲ. ಬೇಕಾದ್ರೆ ನೀನೇ ಒತ್ಕೋ."

ಅವನು ತಾನೇ ಒತ್ತಬಹುದಿತ್ತು. ಅದು ಅವನಿಗೆ ಹೊಳೆಯಲೂ ಇಲ್ಲ. ಎರಡೂ ಕೈ ಹಾಕಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಕಿರುಬೆರಳು ಬಿಟ್ಟಿತು. ಅದರ ಪಕ್ಕದ್ದು ಲಟಕ್ಕೆಂದಿತು. ಹಜಾರದಾಚೆ ಔಷಧಿಯ ಸಾಲಿನಲ್ಲಿ ನಿಂತವರೆಲ್ಲ ನೋಡಿದರು, ಸಾಲು ಬಿಟ್ಟು ಯಾರೂ ಬರಲಿಲ್ಲ. ಮಗಳ ರಕ್ತ ಹಾಳೆಯ ಅಂಚು ದಾಟಿ ನೆಲಕ್ಕೆ ಹರಿದು ಇಸ್ತ್ರಿ ಸಾಹೇಬನ ಬೂಟಿನ ತನಕ ಬಂದಿತ್ತು. ಆಯಾ ತೋರುಬೆರಳನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.